ಕ್ಷೌರದ ಅಂಗಡಿಯಲ್ಲಿ ಎದ್ದ ಪ್ರಶ್ನೆ: ಏಡ್ಸ್ ಎಲ್ಲಿಂದ ಬಂತು, ಬ್ಲೇಡಿನಿಂದ ಬರುತ್ತದೆಯೇ?

ಪ್ರಶ್ನೆ: ಡಾಕ್ಟರೇ, ಮಂಡ್ಯದಲ್ಲಿ 22 ವರ್ಷಗಳಿಂದ ಕ್ಷೌರದ ಅಂಗಡಿ ನಡೆಸುತ್ತಿದ್ದೇನೆ. ಹೋದ ಭಾನುವಾರ ಅಂಗಡಿಯಲ್ಲಿ ಜೋರು ಚರ್ಚೆಯಾಯಿತು. ಏಡ್ಸ್ ಅಮೆರಿಕದವರು ಪ್ರಯೋಗಾಲಯದಲ್ಲಿ ತಯಾರಿಸಿದ್ದು ಎಂದು ಒಬ್ಬರು, ಕೋತಿಯಿಂದ ಬಂದದ್ದು ಎಂದು ಇನ್ನೊಬ್ಬರು, ಪೋಲಿಯೋ ಹನಿಯಿಂದ ಹರಡಿದ್ದು ಎಂದು ಮತ್ತೊಬ್ಬರು. ನನ್ನ ಮೊಮ್ಮಗಳಿಗೆ ಪೋಲಿಯೋ ಹನಿ ಹಾಕಿಸುವುದಿದೆ, ಮನೆಯವರು ಹಿಂದೆಮುಂದೆ ನೋಡುತ್ತಿದ್ದಾರೆ. ಚಾಮುಂಡಿ ಬೆಟ್ಟದ ಕೋತಿ ಕಚ್ಚಿದರೂ ಬರುತ್ತದೆಯೇ? ಇನ್ನೊಂದು ವಿಷಯ. ನಮ್ಮ ಬೀದಿಯ ಒಬ್ಬ ಹುಡುಗ ಮಿಮ್ಸ್ ಆಸ್ಪತ್ರೆಯಿಂದ ಈ ಕಾಯಿಲೆಯ ಮಾತ್ರೆ ತರುತ್ತಾನೆಂದು ಸುದ್ದಿ. ಅವನಿಗೆ ಕ್ಷೌರ ಮಾಡಬೇಡ ಎನ್ನುತ್ತಾರೆ. ಏನು ಮಾಡಲಿ? ನನ್ನ ಹೆಸರು, ಅಂಗಡಿಯ ಹೆಸರು ಹಾಕಬೇಡಿ.

ಉತ್ತರ: ಸ್ವಾಮಿ, ಕಾಯುತ್ತಿರುವವರಿಗೆ ಮೊದಲು. ಮೊಮ್ಮಗಳಿಗೆ ಹನಿ ಹಾಕಿಸಿ. ಬೆಟ್ಟದ ಕೋತಿ ಕಚ್ಚಿದರೆ ಏಡ್ಸ್ ಬರುವುದಿಲ್ಲ. ಆದರೆ ರೇಬಿಸ್ ಬರಬಹುದು, ಆದ್ದರಿಂದ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹುಡುಗನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಸರಿಯಾದ ಉತ್ತರ ಸಿಗಬೇಕಾದರೆ ವೈರಸ್ಸಿನ ಊರಿನ ಕಥೆ ಗೊತ್ತಿರಬೇಕು.

ನಿಮ್ಮ ಮೂವರು ಗಿರಾಕಿಗಳಲ್ಲಿ ಕೋತಿ ಎಂದವರು ಸತ್ಯದ ಹತ್ತಿರಕ್ಕೆ ಬಂದಿದ್ದಾರೆ. ಪ್ರಾಣಿ ಮಾತ್ರ ಬೇರೆ. ಏಡ್ಸ್ ತರುವ ವೈರಸ್ಸಿನ ಹೆಸರು ಎಚ್‌ಐವಿ. ಜಗತ್ತಿನಾದ್ಯಂತ ಹರಡಿರುವ ಎಚ್‌ಐವಿ ಬಂದದ್ದು ಚಿಂಪಾಂಜಿಯಿಂದ. ಮೈಸೂರಿನ ಮೃಗಾಲಯದಲ್ಲಿ ನೋಡಿರುತ್ತೀರಿ, ಬಾಲವಿಲ್ಲದ, ಮನುಷ್ಯನಿಗೆ ತೀರ ಹತ್ತಿರದ ಪ್ರಾಣಿ. ಅದರ ಮೈಯಲ್ಲಿ ಎಸ್‌ಐವಿ ಎಂಬ ವೈರಸ್ ಇರುತ್ತದೆ. ಬಿಯಾಟ್ರಿಸ್ ಹಾನ್ ಎಂಬ ವಿಜ್ಞಾನಿಯ ತಂಡ 1999ರಲ್ಲಿ ಈ ನಂಟನ್ನು ತೋರಿಸಿತು. 2006ರಲ್ಲಿ ಅದೇ ತಂಡ ಕ್ಯಾಮರೂನ್ ದೇಶದ ಕಾಡುಗಳಲ್ಲಿ ಚಿಂಪಾಂಜಿಗಳ ಲದ್ದಿಯನ್ನು ಸಂಗ್ರಹಿಸಿ ಪರೀಕ್ಷಿಸಿ, ಆ ದೇಶದ ಆಗ್ನೇಯ ಮೂಲೆಯ ಚಿಂಪಾಂಜಿಗಳಲ್ಲಿರುವ ವೈರಸ್ಸೇ ನಮ್ಮ ವೈರಸ್ಸಿಗೆ ಅತಿ ಹತ್ತಿರದ ಸಂಬಂಧಿ ಎಂದು ಕಂಡುಕೊಂಡಿತು. ಪ್ರಾಣಿಯನ್ನು ಮುಟ್ಟದೆ, ನೆಲದಲ್ಲಿ ಬಿದ್ದದ್ದನ್ನು ಹೆಕ್ಕಿ ಒಂದು ಮಹಾಮಾರಿಯ ತವರನ್ನು ಹುಡುಕಿದ ಈ ಕೆಲಸದ ಬಗ್ಗೆ ನನಗೆ ಬಹಳ ಅಭಿಮಾನ.

ಚಾಮುಂಡಿ ಬೆಟ್ಟದ ಕೋತಿಗೂ ಇದಕ್ಕೂ ಸಂಬಂಧವಿಲ್ಲ. ಏಷ್ಯಾದ ಕೋತಿಗಳಲ್ಲಿ ಎಸ್‌ಐವಿ ಸಹಜವಾಗಿ ಇರುವುದಿಲ್ಲ, ಅದು ಆಫ್ರಿಕಾದ ವಾನರಗಳ ಸ್ವತ್ತು. ನಮ್ಮ ಮಲೆನಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯೂ ಬೇರೆಯೇ. ಅದು ಉಣ್ಣೆ ಎಂಬ ರಕ್ತ ಹೀರುವ ಹುಳದ ಕಡಿತದಿಂದ ಬರುವಂಥದ್ದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ.

ಚಿಂಪಾಂಜಿಯಿಂದ ಮನುಷ್ಯನಿಗೆ ಹೇಗೆ ದಾಟಿತು ಎಂಬುದಕ್ಕೆ ಹೊಲಸು ಕಥೆಗಳನ್ನು ಹೇಳುವವರಿದ್ದಾರೆ. ಕಾಲೇಜು ಕಾರ್ಯಕ್ರಮಗಳಲ್ಲಿ ಹಿಂದಿನ ಬೆಂಚಿನಿಂದ ಒಂದು ಮುಸಿನಗು ಕೇಳಿಸಿದರೆ ಆ ಕಥೆ ಬಂತೆಂದು ನನಗೆ ಗೊತ್ತಾಗುತ್ತದೆ. ವಿಜ್ಞಾನಿಗಳು ಒಪ್ಪುವ ವಿವರಣೆ ಸರಳವಾಗಿದೆ. ಅಲ್ಲಿನವರು ಕಾಡುಪ್ರಾಣಿಗಳನ್ನು ಬೇಟೆಯಾಡುತ್ತಾರೆ. ಮಾಂಸ ಕುಯ್ಯುವಾಗ ಕೈಗೆ ಕತ್ತಿ ತಾಗುತ್ತದೆ, ಪ್ರಾಣಿಯ ರಕ್ತ ಮನುಷ್ಯನ ಗಾಯಕ್ಕೆ ಸೇರುತ್ತದೆ. ಕತ್ತಿ ಹಿಡಿದು ಬದುಕುವ ನಿಮಗೆ ಬೆರಳು ಕುಯ್ದುಕೊಳ್ಳುವುದು ಎಷ್ಟು ಸುಲಭವೆಂದು ವಿವರಿಸಬೇಕಾಗಿಲ್ಲ.

ಈ ದಾಟುವಿಕೆ ನಡೆದದ್ದು ಒಂದು ಸಲವಲ್ಲ, ಹತ್ತಕ್ಕೂ ಹೆಚ್ಚು ಸಲ. ಎಚ್‌ಐವಿಯಲ್ಲಿ ಎರಡು ಬಗೆ. ಎಚ್‌ಐವಿ-1ರಲ್ಲಿ ಎಂ, ಎನ್, ಒ, ಪಿ ಎಂಬ ನಾಲ್ಕು ಗುಂಪುಗಳಿವೆ, ಪ್ರತಿಯೊಂದೂ ಬೇರೆ ಬೇರೆ ಸಲ ಚಿಂಪಾಂಜಿ ಅಥವಾ ಗೊರಿಲ್ಲಾದಿಂದ ಬಂದದ್ದು. ಎಚ್‌ಐವಿ-2 ಪಶ್ಚಿಮ ಆಫ್ರಿಕಾದ ಸೂಟಿ ಮ್ಯಾಂಗಬೇ ಎಂಬ ಕೋತಿಯಿಂದ ಬಂದದ್ದು, ಅದೂ ಹಲವು ಸಲ. ಇಷ್ಟರಲ್ಲಿ ಜಗತ್ತನ್ನು ಸುತ್ತಿದ್ದು ಎಂ ಗುಂಪು ಒಂದೇ. ಬೇಟೆ ಸಾವಿರಾರು ವರ್ಷಗಳಿಂದಲೂ ಇತ್ತು. ಹಿಂದೆಯೂ ಯಾರಿಗೋ ಸೋಂಕು ತಗುಲಿ, ಹಳ್ಳಿಯಲ್ಲಿ ಒಬ್ಬಿಬ್ಬರು ಸತ್ತು, ಕಿಡಿ ಅಲ್ಲೇ ಆರಿರಬಹುದು. ಇಪ್ಪತ್ತನೆಯ ಶತಮಾನದಲ್ಲಿ ಅದು ಆರದೆ ಹೊತ್ತಿಕೊಂಡದ್ದೇಕೆ?

ಈ ಕಾಲವನ್ನು ಹೇಗೆ ಲೆಕ್ಕ ಹಾಕುತ್ತಾರೆಂದು ಕೇಳುವವರಿಗೆ ನಾನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಗರಿಗಳನ್ನು ತೋರಿಸುತ್ತೇನೆ. ಒಂದು ಕಾವ್ಯವನ್ನು ಲಿಪಿಕಾರರು ತಲೆಮಾರಿನಿಂದ ತಲೆಮಾರಿಗೆ ಪ್ರತಿ ಮಾಡುತ್ತಾ ಹೋದಂತೆ ಅಕ್ಷರದೋಷಗಳು ಸೇರುತ್ತವೆ, ಒಂದು ಪ್ರತಿಯ ದೋಷ ಅದರ ಮಕ್ಕಳು ಮೊಮ್ಮಕ್ಕಳಿಗೆಲ್ಲ ಇಳಿಯುತ್ತದೆ. ಪಾಠಾಂತರಗಳನ್ನು ಹೋಲಿಸಿ ಯಾವ ಪ್ರತಿ ಯಾವುದರ ಸಂತಾನವೆಂದು ವಿದ್ವಾಂಸರು ಹೇಳುತ್ತಾರೆ. ವೈರಸ್ಸೂ ಬೆಳೆಯುವುದು ತನ್ನನ್ನು ತಾನೇ ಪ್ರತಿ ಮಾಡಿಕೊಳ್ಳುತ್ತಾ, ಎಚ್‌ಐವಿಯಷ್ಟು ಅವಸರದ, ತಪ್ಪು ಮಾಡುವ ಲಿಪಿಕಾರ ಇನ್ನೊಬ್ಬನಿಲ್ಲ. ಇಂದಿನ ಕಾಂಗೋ ರಾಜಧಾನಿ ಕಿನ್ಶಾಸಾದಲ್ಲಿ 1959ರಲ್ಲಿ ಒಬ್ಬರಿಂದ ತೆಗೆದಿಟ್ಟಿದ್ದ ರಕ್ತದಲ್ಲೂ, 1960ರ ಒಂದು ಅಂಗಾಂಶದ ತುಣುಕಿನಲ್ಲೂ ಈ ವೈರಸ್ ಸಿಕ್ಕಿದೆ. ಒಂದೇ ಊರು, ಒಂದೇ ವರ್ಷದ ಅಂತರ, ಆದರೂ ಎರಡರ ಪಾಠಾಂತರ ಅಗಾಧ. ಅಷ್ಟು ದೋಷ ಸೇರಬೇಕಾದರೆ ಇಬ್ಬರ ಮೂಲಪ್ರತಿ ಹಲವು ದಶಕ ಹಿಂದಿನದಾಗಿರಬೇಕು. ಮೈಕೆಲ್ ವೊರೊಬೆ ಎಂಬ ವಿಜ್ಞಾನಿಯ ತಂಡ 2008ರಲ್ಲಿ ಲೆಕ್ಕ ಹಾಕಿದಾಗ ಬಂದ ವರ್ಷ ಸುಮಾರು 1908. ಹಿಂದೆಮುಂದೆ ಸೇರಿಸಿದರೆ 1884ರಿಂದ 1924ರ ನಡುವೆ.

ಪ್ರಯೋಗಾಲಯದ ವಾದ ಬಿದ್ದುಹೋಗುವುದು ಇಲ್ಲೇ. 1908ರಲ್ಲಿ ವಂಶವಾಹಿಯನ್ನು ಕತ್ತರಿಸಿ ಜೋಡಿಸುವುದಿರಲಿ, ಡಿಎನ್‌ಎ ಆಕಾರವೇ ಯಾರಿಗೂ ಗೊತ್ತಿರಲಿಲ್ಲ. ಅದು ತಿಳಿದದ್ದು 1953ರಲ್ಲಿ. ಕತ್ತರಿಸಿ ಅಂಟಿಸುವ ವಿದ್ಯೆ ಬಂದದ್ದು 1970ರ ದಶಕದಲ್ಲಿ. ಅಷ್ಟರಲ್ಲಿ ವೈರಸ್ ಕಾಂಗೋದಿಂದ ಹೈಟಿಗೆ, ಹೈಟಿಯಿಂದ ನ್ಯೂಯಾರ್ಕಿಗೆ ತಲುಪಿಯಾಗಿತ್ತು.

ನಿಮ್ಮ ಗಿರಾಕಿ ಹೇಳಿದ ಆ ಅಮೆರಿಕದ ಕಥೆಗೆ ನಮ್ಮ ದೇಶದ ವಿಳಾಸವಿದೆ ಎಂದರೆ ನಂಬುತ್ತೀರಾ? 1983ರ ಜುಲೈನಲ್ಲಿ ದೆಹಲಿಯ 'ಪೇಟ್ರಿಯಟ್' ಪತ್ರಿಕೆಯಲ್ಲಿ ಹೆಸರಿಲ್ಲದ ಅಮೆರಿಕದ ವಿಜ್ಞಾನಿಯೊಬ್ಬರದೆಂದು ಒಂದು ಪತ್ರ ಅಚ್ಚಾಯಿತು. ಏಡ್ಸ್ ಅಮೆರಿಕದ ಸೇನೆ ಫೋರ್ಟ್ ಡೆಟ್ರಿಕ್ ಎಂಬ ತನ್ನ ನೆಲೆಯ ಪ್ರಯೋಗಾಲಯದಲ್ಲಿ ಮಾಡಿದ ಪ್ರಯೋಗದ ಫಲ, ಮುಂದಿನ ಪ್ರಯೋಗ ಪಾಕಿಸ್ತಾನದಲ್ಲಿ, ಭಾರತಕ್ಕೂ ಅಪಾಯ ಎಂದಿತ್ತು. ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿ ನೆಟ್ಟ ಬೀಜವದು. 1985ರಲ್ಲಿ ಮಾಸ್ಕೋದ ಪತ್ರಿಕೆಯೊಂದು ಅದನ್ನು ಎತ್ತಿಕೊಂಡಿತು. ಕೆಲವೇ ವರ್ಷಗಳಲ್ಲಿ ಕಥೆ 80ಕ್ಕೂ ಹೆಚ್ಚು ದೇಶಗಳಲ್ಲಿ ಅಚ್ಚಾಯಿತು. 1992ರಲ್ಲಿ ರಷ್ಯಾದ ಗೂಢಚಾರ ಮುಖ್ಯಸ್ಥ ಯೆವ್ಗೆನಿ ಪ್ರಿಮಾಕೊವ್ ತಮ್ಮವರ ಕೈವಾಡವನ್ನು ಒಪ್ಪಿಕೊಂಡರು. ಕಟ್ಟಿದವರೇ ಕೈಬಿಟ್ಟ ಕಥೆ ನಿಮ್ಮ ಅಂಗಡಿಯ ಬೆಂಚಿನಲ್ಲಿ ಇನ್ನೂ ಕೂತಿದೆ. ಹಾಗೆಂದು ನಂಬಿದವರನ್ನು ಮೂರ್ಖರೆನ್ನಲಾರೆ. ಅಮೆರಿಕದ ಟಸ್ಕೀಗೀಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಎಂಬ ಲೈಂಗಿಕ ರೋಗವಿದ್ದ 399 ಕಪ್ಪು ಜನರಿಗೆ ಚಿಕಿತ್ಸೆ ಕೊಡದೆ, ರೋಗ ಎಲ್ಲಿಗೆ ಮುಟ್ಟುತ್ತದೆಂದು ಸರ್ಕಾರಿ ವೈದ್ಯರೇ ನೋಡುತ್ತಾ ಕುಳಿತಿದ್ದರು. ಅಂಥದ್ದು ನಡೆದ ಮೇಲೆ ಜನ ಏನನ್ನು ಬೇಕಾದರೂ ನಂಬುತ್ತಾರೆ.

ಪೋಲಿಯೋ ವಾದ ಇದಕ್ಕಿಂತ ಗಂಭೀರವಾದದ್ದು. 1957ರಿಂದ 1960ರವರೆಗೆ ಬೆಲ್ಜಿಯಂ ಆಳ್ವಿಕೆಯ ಕಾಂಗೋ ಭಾಗದಲ್ಲಿ ಹಿಲರಿ ಕೊಪ್ರೊವ್ಸ್ಕಿ ಅವರ 'ಚಾಟ್' ಎಂಬ ಬಾಯಿಹನಿ ಲಸಿಕೆಯನ್ನು ಲಕ್ಷಾಂತರ ಜನರಿಗೆ ಕೊಟ್ಟಿದ್ದರು. ಅದನ್ನು ಚಿಂಪಾಂಜಿಯ ಮೂತ್ರಪಿಂಡದ ಕೋಶಗಳಲ್ಲಿ ಬೆಳೆಸಿದ್ದರೇ ಎಂದು 1990ರ ದಶಕದಲ್ಲಿ ಪತ್ರಕರ್ತರು ಕೇಳಿದರು. ಕೇಳಬಾರದ ಪ್ರಶ್ನೆಯೇನಲ್ಲ. ಲಂಡನ್ನಿನ ರಾಯಲ್ ಸೊಸೈಟಿ 2000ರ ಸೆಪ್ಟೆಂಬರಿನಲ್ಲಿ ಇದಕ್ಕಾಗಿಯೇ ಸಭೆ ಕರೆಯಿತು. ಉಳಿದಿದ್ದ ಹಳೆಯ ಲಸಿಕೆಯ ಸೀಸೆಗಳನ್ನು ಪರೀಕ್ಷಿಸಿದಾಗ ಚಿಂಪಾಂಜಿಯ ಅಂಶವೂ ಸಿಗಲಿಲ್ಲ, ಎಚ್‌ಐವಿಯೂ ಸಿಗಲಿಲ್ಲ. 2004ರಲ್ಲಿ ಲಸಿಕೆ ಹಾಕಿದ ಆ ಪ್ರದೇಶದ ಚಿಂಪಾಂಜಿಗಳ ವೈರಸ್ಸನ್ನೇ ನೋಡಿದರು. ಅದು ನಮ್ಮ ವೈರಸ್ಸಿನ ಕವಲಲ್ಲ. ಇದೆಲ್ಲದಕ್ಕಿಂತ ಮೊದಲು, ಲಸಿಕೆ ಬರುವ ಹೊತ್ತಿಗೆ ಎಚ್‌ಐವಿ ಮನುಷ್ಯರಲ್ಲಿ ಸೇರಿ ನಾಲ್ಕೈದು ದಶಕ ಕಳೆದಿತ್ತು. ನಿಮ್ಮ ಮೊಮ್ಮಗಳಿಗೆ ಹಾಕಿಸುವಂಥ ಹನಿಯಿಂದಲೇ ನಮ್ಮ ದೇಶ ಪೋಲಿಯೋವನ್ನು ಓಡಿಸಿದೆ. ಸಹಜ ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. ಮನೆಯವರಿಗೆ ಇದನ್ನು ಓದಿ ಹೇಳಿ.

ಹಾಗಾದರೆ ಕಿಡಿ ಹೊತ್ತಿಕೊಂಡದ್ದೇಕೆ? ಕ್ಯಾಮರೂನಿನ ಕಾಡಿನಿಂದ ನದಿಗಳಿಗುಂಟ ದೋಣಿಯ ವ್ಯಾಪಾರ ಕಿನ್ಶಾಸಾಕ್ಕೆ ಇಳಿಯುತ್ತಿತ್ತು. ಆ ಊರು ಆಗ ದಿನದಿನಕ್ಕೆ ಬೆಳೆಯುತ್ತಿದ್ದ ವಸಾಹತು ಪಟ್ಟಣ. ದುಡಿಯಲು ಗಂಡಸರನ್ನು ತಂದು ಸುರಿದಿದ್ದರು, ಹೆಂಡತಿ ಮಕ್ಕಳು ಹಳ್ಳಿಯಲ್ಲೇ. ಅಲ್ಲಿಂದ ರೈಲು ದೂರದ ಗಣಿ ಪಟ್ಟಣಗಳಿಗೆ ಹೋಗುತ್ತಿತ್ತು. 1940ರ ದಶಕದ ಕೊನೆಯ ಹೊತ್ತಿಗೆ ವರ್ಷಕ್ಕೆ ಹತ್ತು ಲಕ್ಷ ಜನ ಆ ರೈಲುಗಳಲ್ಲಿ ಓಡಾಡುತ್ತಿದ್ದರು. ಇದರ ಜೊತೆಗೆ ಸೂಜಿ. ಅಲ್ಲಿನ ಒಂದು ನೊಣ ಕಚ್ಚಿ ಬರುವ ನಿದ್ರಾರೋಗವನ್ನು ಓಡಿಸಲು ಫ್ರೆಂಚ್, ಬೆಲ್ಜಿಯನ್ ವೈದ್ಯರು ಊರೂರಿಗೆ ಹೋಗಿ ಸಾಲಾಗಿ ನಿಲ್ಲಿಸಿ ಚುಚ್ಚುತ್ತಿದ್ದರು. ಯೂಜೀನ್ ಜಮೋ ಎಂಬ ಫ್ರೆಂಚ್ ವೈದ್ಯ 1917-19ರ ಪ್ರವಾಸದಲ್ಲಿ 5,347 ರೋಗಿಗಳಿಗೆ ಚಿಕಿತ್ಸೆ ಕೊಟ್ಟ. ಅವನ ಬಳಿ ಇದ್ದದ್ದು ಆರು ಸಿರಿಂಜು. ಕೆನಡಾದ ವೈದ್ಯ ಜಾಕ್ ಪೆಪಾಂ ಅವರಂಥವರ ಅಭಿಪ್ರಾಯದಲ್ಲಿ ಮೊದಲ ಕೆಲವು ಸೋಂಕಿತರನ್ನು ನೂರಾರು ಮಾಡಿದ್ದು ಇಂಥ ಸೂಜಿಗಳೇ ಇರಬೇಕು, ಆಮೇಲೆ ಪಟ್ಟಣದ ಲೈಂಗಿಕ ಸಂಪರ್ಕ ಅದನ್ನು ಸಾವಿರಾರು ಮಾಡಿತು. ಎರಡರಲ್ಲಿ ಯಾವುದರ ಪಾಲು ಎಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ. ನನ್ನ ಒಲವು ಪೆಪಾಂ ಕಡೆಗಿದೆ.

ಒಲವಿಗೆ ಕಾರಣ ನನ್ನ ಬಾಲ್ಯ. ನಮ್ಮೂರಿಗೆ ಸೈಕಲ್ಲಿನಲ್ಲಿ ಒಬ್ಬರು ಕಾಂಪೌಂಡರ್ ಬರುತ್ತಿದ್ದರು. ಸ್ಟೀಲಿನ ಉದ್ದ ಡಬ್ಬಿ, ಅದರೊಳಗೆ ಗಾಜಿನ ಸಿರಿಂಜು, ಹತ್ತಿಯ ಮೇಲೆ ಎರಡು ಸೂಜಿ. ಜಗುಲಿಯ ಮೇಲೆ ಸ್ಪಿರಿಟ್ ದೀಪ ಹಚ್ಚಿ ನೀರು ಕಾಯಿಸುತ್ತಿದ್ದರು, ಗುಳ್ಳೆ ಏಳುವ ಮೊದಲೇ ಯಾರೋ ಅವಸರ ಮಾಡುತ್ತಿದ್ದರು. ಮೊನೆ ಮೊಂಡಾದರೆ ಸಾಣೆಕಲ್ಲಿನ ಮೇಲೆ ಎರಡು ಸಲ ಉಜ್ಜಿ, ಬೆರಳ ತುದಿಯಲ್ಲಿ ಮುಟ್ಟಿ ನೋಡಿ, ಮುಂದಿನವರ ತೋಳಿಗೆ. ಅವರ ಕೈಗುಣದ ಬಗ್ಗೆ ಊರಿಗೆಲ್ಲ ನಂಬಿಕೆ, ನನ್ನ ತಾಯಿಗೂ. ಆಗ ನಮ್ಮ ನೆಲದಲ್ಲಿ ಈ ವೈರಸ್ ಇರಲಿಲ್ಲ, ನಮ್ಮ ಪುಣ್ಯ ಅಷ್ಟೆ. ಇದ್ದ ಕಡೆ ಏನಾಗುತ್ತದೆಂದು ಪಾಕಿಸ್ತಾನದ ರತೊಡೆರೊದಲ್ಲಿ 2019ರಲ್ಲಿ ಕಂಡಿತು. ಅಲ್ಲಿ ನೂರಾರು ಮಕ್ಕಳಿಗೆ ಸೋಂಕು ತಗುಲಿತು; ತನಿಖೆ ಬೊಟ್ಟು ಮಾಡಿದ್ದು ಮತ್ತೆ ಮತ್ತೆ ಬಳಸಿದ ಸಿರಿಂಜಿನ ಕಡೆಗೆ. ಉತ್ತರ ಪ್ರದೇಶದ ಬಾಂಗರ್‌ಮವ್ ಎಂಬಲ್ಲೂ 2018ರಲ್ಲಿ ಇದೇ ಕಥೆ. ಇಂದು ನಿಮ್ಮೂರಿನಲ್ಲಿ ಯಾರಾದರೂ ಸೂಜಿ ಚುಚ್ಚುವ ಮೊದಲು ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರು ಹರಿಯಲು ಹೇಳಿ. ಮುಖ ಗಂಟಿಕ್ಕಿದರೆ ಎದ್ದು ಬನ್ನಿ. ಮಾತ್ರೆಯಲ್ಲಿ ವಾಸಿಯಾಗುವುದಕ್ಕೆ ಇಂಜೆಕ್ಷನ್ ಬೇಕೆಂದು ಹಟ ಹಿಡಿಯುವುದು ನಮ್ಮ ಕಡೆಯ ಚಾಳಿ, ಅದನ್ನೂ ಬಿಡಬೇಕು.

ಇನ್ನೊಂದು ವಾದವಿದೆ, ನಿಮ್ಮ ಬೆಂಚಿನವರು ಹೇಳದಿದ್ದರೂ ನಾನು ಬಹಳ ಕೇಳಿದ್ದೇನೆ: ಇದು ಪರದೇಶದವರ ರೋಗ, ನಮ್ಮ ಸಂಸ್ಕೃತಿಯಲ್ಲಿ ಬಾರದು. 1986ರಲ್ಲಿ ಮದ್ರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಲೈಂಗಿಕ ವೃತ್ತಿಯ ಮಹಿಳೆಯರ ರಕ್ತ ಪರೀಕ್ಷಿಸುವ ಕೆಲಸ ಕೊಟ್ಟಾಗ ಎಲ್ಲರೂ ನಿರೀಕ್ಷಿಸಿದ್ದು ಇಲ್ಲವೆಂಬ ಉತ್ತರವನ್ನೇ. ನಿರ್ಮಲಾ ಮಾದರಿಗಳನ್ನು ಮನೆಯ ಫ್ರಿಜ್ಜಿನಲ್ಲಿಟ್ಟು, ರಾತ್ರಿ ರೈಲಿನಲ್ಲಿ ವೆಲ್ಲೂರಿಗೆ ಒಯ್ದರು. ಆರು ಮಾದರಿಗಳಲ್ಲಿ ಸೋಂಕು ಕಂಡಿತು. ಇಂದು ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿ ಜೊತೆ ಬದುಕುತ್ತಿದ್ದಾರೆ.

ನಾನು ಹೌಸ್ ಸರ್ಜನ್ ಆಗಿದ್ದ 1990ರ ದಶಕದ ಒಂದು ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದಿದ್ದ ಹೆಂಗಸಿನ ಕಡತದ ಮೇಲೆ ಕೆಂಪು ಶಾಯಿಯಲ್ಲಿ ಮೂರು ದಪ್ಪ ಅಕ್ಷರ ಬರೆದು, ಮಂಚವನ್ನು ವರಾಂಡಕ್ಕೆ ಸರಿಸಿದ್ದರು. ಊಟದ ತಟ್ಟೆಯನ್ನು ನೆಲದ ಮೇಲಿಟ್ಟು ಕಾಲಿನಿಂದ ತಳ್ಳುತ್ತಿದ್ದರು. ಮೂರನೆಯ ದಿನ ಮಂಚ ಖಾಲಿಯಾಗಿತ್ತು, ಆಕೆ ಮಗುವಿನೊಡನೆ ಎಲ್ಲಿಗೆ ಹೋದಳೆಂದು ಯಾರೂ ಹುಡುಕಲಿಲ್ಲ. ನಾನೂ ಹುಡುಕಲಿಲ್ಲ.

ಇಂದಾಗಿದ್ದರೆ ಆಕೆಗೆ ಗರ್ಭಿಣಿಯಿದ್ದಾಗಲೇ ಮಾತ್ರೆ ಶುರುವಾಗುತ್ತಿತ್ತು. ಏನೂ ಮಾಡದಿದ್ದರೆ ತಾಯಿಯಿಂದ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ಚಿಕಿತ್ಸೆಯಿದ್ದರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. 2004ರ ಏಪ್ರಿಲ್‌ನಿಂದ ಸರ್ಕಾರ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಯನ್ನು ಉಚಿತವಾಗಿ ಕೊಡುತ್ತಿದೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ನಿಮ್ಮ ಮಿಮ್ಸ್‌ನಲ್ಲೂ ಅದರ ಕೇಂದ್ರಗಳಿವೆ. ಹೆಚ್ಚಿನವರಿಗೆ ದಿನಕ್ಕೊಂದೇ ಮಾತ್ರೆ. ಅದನ್ನು ತಪ್ಪದೆ ನುಂಗಿದರೆ ಕೆಲವು ತಿಂಗಳಲ್ಲಿ ರಕ್ತದಲ್ಲಿ ವೈರಸ್ ಎಣಿಕೆಗೇ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಯುರೋಪಿನ 'ಪಾರ್ಟ್‌ನರ್' ಅಧ್ಯಯನದಲ್ಲಿ, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 888 ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಕೂಡಿದ ಲೆಕ್ಕ ಸಿಕ್ಕಿತು. ಸಂಗಾತಿಯಿಂದ ಸಂಗಾತಿಗೆ ದಾಟಿದ್ದು ಒಂದೂ ಇಲ್ಲ.

ಆದ್ದರಿಂದ ಆ ಹುಡುಗ ಮಿಮ್ಸ್‌ನಿಂದ ಮಾತ್ರೆ ತರುತ್ತಿರುವುದು ನಿಜವೇ ಆಗಿದ್ದರೆ, ನಿಮ್ಮ ಕುರ್ಚಿಯಲ್ಲಿ ಕೂರುವವರಲ್ಲಿ ಅವನೇ ಅತ್ಯಂತ ನಿಶ್ಚಿಂತೆಯ ಗಿರಾಕಿ. ಚಿಂತೆಯಿರುವುದು ತನಗೆ ಸೋಂಕಿದೆಯೋ ಇಲ್ಲವೋ ಪರೀಕ್ಷಿಸಿಕೊಳ್ಳದವರ ಬಗ್ಗೆ. ಅಂಥವರನ್ನು ಮುಖ ನೋಡಿ ಗುರುತಿಸಲಾಗದು. ಚಿಕಿತ್ಸೆಯಿಲ್ಲದೆಯೂ ಸೋಂಕಿತರು ಎಂಟು ಹತ್ತು ವರ್ಷ ಗಟ್ಟಿಮುಟ್ಟಾಗಿರುತ್ತಾರೆ. ಈ ವೈರಸ್ ಎಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಹರಡಿ, 1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಲ್ಲಿ ಮೊದಲ ಬಾರಿಗೆ ವರದಿಯಾದದ್ದಕ್ಕೆ ಅದೇ ಕಾರಣ.

ಅವನಿಗೆ ಕ್ಷೌರ ಮಾಡಿ. ಮಾಡುವುದಿಲ್ಲವೆಂದರೆ ಕಾನೂನಿನ ಪ್ರಕಾರವೂ ತಪ್ಪು. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸಾರ್ವಜನಿಕರಿಗೆ ತೆರೆದಿರುವ ಅಂಗಡಿ, ಹೋಟೆಲು, ಸೇವೆ ಯಾವುದನ್ನೂ ಸೋಂಕಿನ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದು ಅದು ಹೇಳುತ್ತದೆ. ಅಂಗಡಿಯಲ್ಲಿ ಅವನ ಹೆಸರು ಬಂದರೆ ರೇಡಿಯೋ ಸದ್ದು ಸ್ವಲ್ಪ ಜೋರು ಮಾಡಿ.

ಬ್ಲೇಡಿನ ಪ್ರಶ್ನೆ. ಎಚ್‌ಐವಿ ಮೈಯಿಂದ ಹೊರಬಿದ್ದರೆ, ಒಣಗಿದರೆ ಬೇಗ ನಿಸ್ಸತ್ವವಾಗುತ್ತದೆ. ಸೋಂಕಿತರಿಗೆ ಬಳಸಿದ ಸೂಜಿ ಆಸ್ಪತ್ರೆಯ ಸಿಬ್ಬಂದಿಗೆ ಚುಚ್ಚಿದಾಗಲೂ ಸೋಂಕು ತಗುಲುವುದು ಸಾವಿರಕ್ಕೆ ಮೂರು ಸಲ. ಬ್ಲೇಡಿನ ಗೀರು ಅದಕ್ಕಿಂತ ಬಹಳ ಕಡಿಮೆ. ನಿಮ್ಮ ವೃತ್ತಿಯಲ್ಲಿ ನಿಜವಾಗಿ ಹೆದರಬೇಕಾದದ್ದು ಯಕೃತ್ತನ್ನು ಕೆಡಿಸುವ ಹೆಪಟೈಟಿಸ್-ಬಿ ವೈರಸ್ಸಿಗೆ, ಅದು ಒಣ ರಕ್ತದಲ್ಲಿ ಏಳು ದಿನವಾದರೂ ಜೀವ ಹಿಡಿದಿರುತ್ತದೆ. ನೀವೇ ಅದರ ಲಸಿಕೆ ಹಾಕಿಸಿಕೊಳ್ಳಿ, ಆರು ತಿಂಗಳಲ್ಲಿ ಮೂರು ಚುಚ್ಚುಮದ್ದು. ಬ್ಲೇಡನ್ನು ಕಾಗದದಲ್ಲೇ ಮುರಿದು ಅರ್ಧ ಹಾಕುವಾಗ ಗಿರಾಕಿಗೆ ಕಾಣುವಂತೆ ಹಾಕಿ. ಹಳೆಯ ಅರ್ಧಗಳನ್ನು ಮುಚ್ಚಳವಿರುವ ಗಟ್ಟಿ ಡಬ್ಬಿಗೆ ಹಾಕಿ. ಕಸ ಎತ್ತುವವರ ಕೈಗೂ ಚರ್ಮವೇ ಇರುವುದು. ಸ್ಟೀಲಿನ ಕತ್ತಿಗೆ ರಕ್ತ ತಾಗಿದರೆ ಸೋಪಿನಲ್ಲಿ ಉಜ್ಜಿ ತೊಳೆದು 20 ನಿಮಿಷ ಕುದಿಸಿ.

ಉಳಿದ ದಾರಿಗಳೂ ತಿಳಿದಿರಲಿ. ಅನುಮಾನವಿದ್ದರೆ ಆಸ್ಪತ್ರೆಯ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷೆಯ ಕೇಂದ್ರದಲ್ಲಿ ಪರೀಕ್ಷೆ ಉಚಿತ, ಗುಟ್ಟು ಹೊರಬೀಳದು. ಆಕಸ್ಮಿಕವಾಗಿ ಸೋಂಕಿಗೆ ಒಡ್ಡಿಕೊಂಡರೆ 72 ಗಂಟೆಯೊಳಗೆ ಮಾತ್ರೆ ಆರಂಭಿಸಿ 28 ದಿನ ನುಂಗಬೇಕು. ನಾಳೆ ನೋಡೋಣ ಎಂದರೆ ಕೈ ಮೀರುತ್ತದೆ. ಸೋಂಕು ತಗುಲುವ ಮೊದಲೇ ತಡೆಯುವ ಮಾತ್ರೆಯೂ ಇದೆ, ಅದರ ಪ್ರಯೋಗಕ್ಕೆ ಮೈಸೂರಿನ ಲೈಂಗಿಕ ಕಾರ್ಯಕರ್ತೆಯರ ಸಂಘಟನೆ ಆಶೋದಯ ಸಮಿತಿಯ ಮಹಿಳೆಯರೇ ಮುಂದೆ ಬಂದಿದ್ದರು. ನಮ್ಮ ಜಿಲ್ಲೆಗಳಲ್ಲಿ ಕಾಂಡೋಮಿನ ಮಾತನ್ನು ನಾಚದೆ ಆಡಿದ ಮೊದಲಿಗರಲ್ಲಿ ಅವರೂ ಇದ್ದಾರೆ. ಭಾಷಣಕ್ಕೆ ಕರೆಸಿಕೊಳ್ಳುವ ನಮ್ಮಂಥವರಿಗಿಂತ ಅವರ ಮಾತಿಗೇ ಫಲ ಹೆಚ್ಚು. ನಿಮ್ಮ ಕನ್ನಡಿಯ ಕೆಳಗೆ, ಪೌಡರ್ ಡಬ್ಬಿಯ ಪಕ್ಕ ಕಾಂಡೋಮಿನ ಪೆಟ್ಟಿಗೆ ಇಟ್ಟರೆ ಕೇಳಲು ಸಂಕೋಚಪಡುವವರು ತಾವೇ ತೆಗೆದುಕೊಂಡು ಹೋಗುತ್ತಾರೆ. ಯಾರಾದರೂ ಪಿಸುಮಾತಿನಲ್ಲಿ ಏನನ್ನಾದರೂ ಕೇಳಿದರೆ 1097ಕ್ಕೆ ಫೋನ್ ಮಾಡಲು ಹೇಳಿ, ಅದು ಉಚಿತ ಸಹಾಯವಾಣಿ.

ನೀವು ಕೇಳದಿದ್ದರೂ ಒಂದು ಮಾತು. ಬಹುಪಾಲು ಅಂಗಡಿಗಳಲ್ಲಿ ಬ್ಲೇಡು ಬದಲಾಗುತ್ತದೆ, ಪಟಿಕದ ತುಂಡು ಬದಲಾಗುವುದಿಲ್ಲ. ಒಬ್ಬರ ಗೀರಿನ ರಕ್ತ ತಾಗಿದ ಅದೇ ತುಂಡು ಸಂಜೆಯವರೆಗೆ ಹತ್ತಾರು ಗಲ್ಲಗಳ ಮೇಲೆ ಓಡಾಡುತ್ತದೆ. ಪಟಿಕವನ್ನು ಪುಡಿ ಮಾಡಿ ನೀರಿನಲ್ಲಿ ಕರಗಿಸಿ, ನೀರು ಚಿಮುಕಿಸುವಂಥದೇ ಇನ್ನೊಂದು ಬಾಟಲಿಗೆ ತುಂಬಿಟ್ಟುಕೊಳ್ಳಿ. ಬೆಂಚಿನ ಮೇಲೆ ಕುಳಿತವರು ಏಕೆಂದು ಕೇಳಿಯೇ ಕೇಳುತ್ತಾರೆ. ಮುಂದಿನ ಭಾನುವಾರದ ಚರ್ಚೆ ಅಲ್ಲಿಂದ ಶುರುವಾಗಲಿ. ನಿಮ್ಮ ಹೆಸರನ್ನಾಗಲಿ ಅಂಗಡಿಯ ಹೆಸರನ್ನಾಗಲಿ ಹಾಕಿಲ್ಲ.